ತೋಟದ ಕೆರೆಯಿಂದ ಸಸಿಹಿತ್ಲು ಕಡಲಿಗೆ: ಅಲೆಸವಾರಿಯ ಭೌತವಿಜ್ಞಾನ

ಪಾಲಿಬೆಟ್ಟದಲ್ಲಿ ಬಿದ್ದ ಮಳೆಹನಿ ಹತ್ತಿರದ ಅರಬ್ಬೀ ಸಮುದ್ರಕ್ಕೆ ಹೋಗುವುದಿಲ್ಲ. ಕಾವೇರಿಯನ್ನು ಸೇರಿ ದೂರದ ಬಂಗಾಳ ಕೊಲ್ಲಿಗೆ ಹರಿಯುತ್ತದೆ. ಆದರೆ ನಮ್ಮೂರಿನ ಶಾಲಾ ಪ್ರವಾಸದ ಬಸ್ಸು ಸಂಪಾಜೆ ಘಾಟಿ ಇಳಿದು ಪಶ್ಚಿಮದ ಕಡಲಿಗೇ ಹೋಗುತ್ತದೆ. ಕಾಫಿ ತೋಟದ ನಡುವೆ ಬೆಳೆದ ಮಕ್ಕಳಿಗೆ ಕಡಲೆಂದರೆ ಹಿಗ್ಗು. ಈಚಿನ ವರ್ಷಗಳಲ್ಲಿ ಹಲಗೆಯ ಮೇಲೆ ನಿಂತು ಅಲೆಯೊಡನೆ ಜಾರಿ ಬರುವ ಸರ್ಫಿಂಗ್ ಕಲಿಯುವ ಆಸೆಯೂ ಅದಕ್ಕೆ ಸೇರಿಕೊಂಡಿದೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ವಿದ್ಯಾರ್ಥಿಗಳನ್ನು ಒಂದು ಕಡಲತೀರಕ್ಕೆ ಕರೆದೊಯ್ದಿದ್ದೆ. ಎಲ್ಲೆಡೆ ಅಲೆಗಳು ಒಡೆಯುತ್ತಿದ್ದವು, ಒಂದು ಪಟ್ಟಿಯಲ್ಲಿ ಮಾತ್ರ ನೀರು ಶಾಂತವಾಗಿತ್ತು. "ಅಲ್ಲೇ ಇಳಿಯಿರಿ" ಎಂದು ಬೆರಳು ತೋರಿಸಿದವನು ನಾನೇ, ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವನು! ಸೊಂಟದ ಮಟ್ಟದ ನೀರಿನಲ್ಲಿ ನಿಂತಿದ್ದ ಇಬ್ಬರು ಹುಡುಗರು ಕೆಲವೇ ನಿಮಿಷಗಳಲ್ಲಿ ಕಾಲಿಗೆ ನೆಲ ಸಿಗದಷ್ಟು ದೂರ ಹೋಗಿದ್ದರು. ದಡದಲ್ಲಿ ಬಲೆ ಬಿಡಿಸುತ್ತಿದ್ದ ಮೀನುಗಾರರು ದೋಣಿ ತಳ್ಳಿಕೊಂಡು ಹೋಗಿ ಅವರನ್ನು ತಂದರು. "ಅಲೆ ಒಡೆಯದ ಕಡೆ ನೀರು ಹೊರಗೆ ಹೋಗುತ್ತದೆ ಮಾಸ್ಟ್ರೇ" ಎಂದರು ಅವರಲ್ಲಿ ಹಿರಿಯರು. ಆ ಮಾತು ಏಕೆ ಸರಿ ಎಂಬುದನ್ನು ನೋಡೋಣ.

ಉದಾಹರಣೆಗೆ ಮೂಲ್ಕಿ ಬಳಿಯ ಸಸಿಹಿತ್ಲುವನ್ನು ತೆಗೆದುಕೊಳ್ಳಿ. ಇಲ್ಲಿ ನಂದಿನಿ ಮತ್ತು ಶಾಂಭವಿ ನದಿಗಳು ಕೂಡಿ ಕಡಲು ಸೇರುತ್ತವೆ. ಮೂಲ್ಕಿಯಲ್ಲಿ 2004ರಲ್ಲೇ ಸರ್ಫಿಂಗ್ ಕ್ಲಬ್ ಆರಂಭವಾಯಿತು. 2024ರ ಮೇ ಕೊನೆಯಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ಸಸಿಹಿತ್ಲುವಿನಲ್ಲಿ ನಡೆಯಿತು. ಸ್ಪರ್ಧೆಗೆ ಮಳೆಗಾಲದ ಹೊಸ್ತಿಲನ್ನೇ ಆರಿಸುವುದು ಕಾರಣವಿಲ್ಲದೆ ಅಲ್ಲ. ಆಗ ಅಲೆಗಳು ದೊಡ್ಡವು. ಕಲಿಯುವವರಿಗೆ ಮಾತ್ರ ಅಕ್ಟೋಬರಿನಿಂದ ಮೇ ಮೊದಲವರೆಗಿನ ಕಾಲವೇ ಒಳ್ಳೆಯದು.

ಅಲೆಗಳು ಬರುವುದೆಲ್ಲಿಂದ? ಕೆಲವನ್ನು ಹತ್ತಿರದ ಗಾಳಿಯೇ ಎಬ್ಬಿಸುತ್ತದೆ. ಅವುಗಳ ಆವರ್ತಕಾಲ, ಎಂದರೆ ಒಂದು ಉಬ್ಬು ಬಂದ ಮೇಲೆ ಇನ್ನೊಂದು ಬರಲು ಹಿಡಿಯುವ ಕಾಲ, 5-6 ಸೆಕೆಂಡು. ಇನ್ನು ಕೆಲವು ದಕ್ಷಿಣ ಅಕ್ಷಾಂಶ 40 ಡಿಗ್ರಿಗೂ ಆಚೆಯ ಬಿರುಗಾಳಿಗಳಲ್ಲಿ ಹುಟ್ಟಿ ಹಿಂದೂ ಮಹಾಸಾಗರವನ್ನೇ ದಾಟಿ ಬರುತ್ತವೆ. ಅವುಗಳದು 15 ಸೆಕೆಂಡಿನ ಆಸುಪಾಸು. ಆಳ ನೀರಿನಲ್ಲಿ ಅಲೆಯ ವೇಗ ಸೆಕೆಂಡಿಗೆ 1.56 T ಮೀಟರ್ (T ಎಂದರೆ ಸೆಕೆಂಡುಗಳಲ್ಲಿ ಆವರ್ತಕಾಲ). 15 ಸೆಕೆಂಡಿನ ಅಲೆಗೆ ಇದು ಸುಮಾರು 23 ಮೀಟರ್, ಅಲೆಯುದ್ದ ಸುಮಾರು 350 ಮೀಟರ್. ಆದರೆ ಶಕ್ತಿ ಸಾಗುವುದು ಅಲೆಗಳ ಗುಂಪಿನ ವೇಗದಲ್ಲಿ, ಅದು ಇದರ ಅರ್ಧ. ಅಂದರೆ ದಿನಕ್ಕೆ ಸುಮಾರು 1000 ಕಿಲೋಮೀಟರ್. ದಕ್ಷಿಣ 40 ಡಿಗ್ರಿಯಿಂದ ಮೂಲ್ಕಿಗೆ ಸುಮಾರು 5,900 ಕಿಲೋಮೀಟರ್. ಇಂದು ಸಸಿಹಿತ್ಲುವಿನಲ್ಲಿ ಒಡೆಯುವ ಅಲೆ ಆರು ದಿನಗಳ ಹಿಂದೆ ಹೊರಟದ್ದು! ವಾಲ್ಟರ್ ಮಂಕ್ ಮತ್ತು ಸಂಗಡಿಗರು 1963ರಲ್ಲಿ ಇಂಥ ಅಲೆಗಳನ್ನು ನ್ಯೂಜಿಲೆಂಡಿನಿಂದ ಅಲಾಸ್ಕಾದವರೆಗೆ ಹಿಂಬಾಲಿಸಿ ಅಳೆದಿದ್ದರು.

ಗುಂಪಿನ ವೇಗವನ್ನು ನೋಡಲು ಕಡಲೇ ಬೇಕಿಲ್ಲ. ಯಾವುದಾದರೂ ತೋಟದ ಕೆರೆಯ ನಿಶ್ಚಲ ನೀರಿಗೆ ದೊಡ್ಡ ಕಲ್ಲೊಂದನ್ನು ಹಾಕಿಸಿ. ಒಂದೇ ಒಂದು ಉಬ್ಬಿನ ಮೇಲೆ ಕಣ್ಣಿಡಿ. ಅದು ಗುಂಪಿನ ಹಿಂಭಾಗದಲ್ಲಿ ಹುಟ್ಟಿ ಮುಂದೆ ಓಡಿ ಮುಂಭಾಗದಲ್ಲಿ ಕರಗಿಹೋಗುತ್ತದೆ. (ಸಣ್ಣ ಕಲ್ಲಾದರೆ ಮೇಲ್ಮೈ ಸೆಳೆತದಿಂದಾಗುವ ಕಿರು ಅಲೆಗಳೇ ಹೆಚ್ಚು, ಅವುಗಳಲ್ಲಿ ಇದು ತಿರುವುಮುರುವು.)

ಅಲೆಯುದ್ದದ ಅರ್ಧಕ್ಕಿಂತ ಆಳ ಕಡಿಮೆಯಾದಾಗ ಅಲೆಗೆ ತಳ 'ತಿಳಿಯುತ್ತದೆ'. ಮುಂದೆ ತೆಳು ನೀರಿನಲ್ಲಿ ಅದರ ವೇಗ ಆಳದ ವರ್ಗಮೂಲವನ್ನು ಅವಲಂಬಿಸುತ್ತದೆ: 2 ಮೀಟರ್ ಆಳದಲ್ಲಿ ಸೆಕೆಂಡಿಗೆ 4.4 ಮೀಟರ್. ಶಕ್ತಿ ನಿಧಾನವಾಗಿ ಸಾಗಿದಾಗ ಒಂದೆಡೆ ಒತ್ತೊತ್ತಾಗಿ ಸೇರುತ್ತದೆ, ಅಲೆ ಎತ್ತರವಾಗುತ್ತದೆ. ಎತ್ತರವು ಆಳದ ಸುಮಾರು 0.78ರಷ್ಟಾದಾಗ ಅಲೆ ಒಡೆಯುತ್ತದೆ. ಈಗ ವಿದ್ಯಾರ್ಥಿಗಳಿಗೆ ಒಂದು ಲೆಕ್ಕ ಕೊಡಿ. ಆಳ ನೀರಿನಲ್ಲಿ ಎರಡೂ 1 ಮೀಟರ್ ಎತ್ತರದ ಅಲೆಗಳು. ಒಂದು 6 ಸೆಕೆಂಡಿನದು, ಇನ್ನೊಂದು 15 ಸೆಕೆಂಡಿನದು. ತಳದ ಘರ್ಷಣೆ, ವಕ್ರೀಭವನಗಳನ್ನು ಬಿಟ್ಟರೆ ಮೊದಲನೆಯದು 1.1 ಮೀಟರಿನಷ್ಟಾಗಿ ಒಡೆಯುತ್ತದೆ, ಎರಡನೆಯದು 1.6 ಮೀಟರಿಗೇರಿ ಒಡೆಯುತ್ತದೆ. ಮುನ್ಸೂಚನೆಯಲ್ಲಿ ಎತ್ತರವನ್ನಷ್ಟೇ ಓದಿ ನೀರಿಗಿಳಿಯುವವರು ಮೋಸಹೋಗುವುದು ಇಲ್ಲೇ. ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ಎತ್ತರದ ಜೊತೆಗೆ ಆವರ್ತಕಾಲವನ್ನೂ ಕೊಡುತ್ತದೆ. ಎರಡನ್ನೂ ಓದಿ.

ಬಂಡೆಯ ತಳವಿರುವ ಕಡೆ ಅಲೆ ಒಡೆಯುವ ಜಾಗ ಬದಲಾಗುವುದಿಲ್ಲ. ಸಸಿಹಿತ್ಲುವಿನದು ಮರಳ ತಳ. ಮಳೆಗಾಲದ ಅಲೆಗಳು, ಅಳಿವೆಯ ಹರಿವು ಮರಳದಿಬ್ಬಗಳನ್ನು ಜರುಗಿಸುತ್ತಲೇ ಇರುತ್ತವೆ. ಹೋದ ವರ್ಷ ನೋಡಿದ ಜಾಗದ ನೆನಪನ್ನು ನಂಬುವಂತಿಲ್ಲ. ಅಲ್ಲಿನ ಮೀನುಗಾರರನ್ನೋ ತರಬೇತುದಾರರನ್ನೋ ಅಂದೇ ಕೇಳಬೇಕು. ಹೊತ್ತೂ ಮುಖ್ಯ. ಬೆಳಗಿನ ಜಾವ ನೆಲದಿಂದ ಕಡಲಿಗೆ ಬೀಸುವ ಗಾಳಿ ಅಲೆಯ ಮುಖವನ್ನು ನಯವಾಗಿಡುತ್ತದೆ. ಮಧ್ಯಾಹ್ನದ ಕಡಲ ಗಾಳಿ ಅದನ್ನು ಕದಡುತ್ತದೆ. ಇಳಿತದ ಹೊತ್ತಿನಲ್ಲಿ ಅಳಿವೆಯ ಬಾಯಿಯ ಹತ್ತಿರ ಹೋಗಲೇಬಾರದು. ಅಲ್ಲಿ ನದಿಯ ಹರಿವೂ ಇಳಿತವೂ ಸೇರಿ ಹೊರಕ್ಕೆ ಎಳೆಯುತ್ತವೆ, ಎದುರಿನಿಂದ ಬರುವ ಅಲೆಗಳು ಕಡಿದಾಗುತ್ತವೆ.

ಇನ್ನು ಆ ಶಾಂತ ಪಟ್ಟಿಯ ವಿಷಯ. ದಿಬ್ಬದ ಮೇಲೆ ಒಡೆಯುವ ಪ್ರತಿ ಅಲೆ ನೀರನ್ನು ದಡದತ್ತ ತಳ್ಳುತ್ತದೆ. ಆ ನೀರು ಹಿಂದಿರುಗಬೇಕಲ್ಲ? ಎರಡು ದಿಬ್ಬಗಳ ನಡುವಿನ ತಗ್ಗಿನಲ್ಲಿ ಅದು ಹೊರಗೆ ನುಗ್ಗುತ್ತದೆ. ತಗ್ಗು ಆಳವಾದ್ದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ, ಹಾಗಾಗಿ ಶಾಂತವಾಗಿ ಕಾಣುತ್ತದೆ. ಈ ಸೆಳವಿನ ವೇಗ ಸಾಮಾನ್ಯವಾಗಿ ಸೆಕೆಂಡಿಗೆ ಅರ್ಧ ಮೀಟರ್, ಕೆಲವೊಮ್ಮೆ 2 ಮೀಟರನ್ನೂ ಮೀರಬಹುದು. 100 ಮೀಟರನ್ನು 47 ಸೆಕೆಂಡಿನಲ್ಲಿ ಈಜುವ ಒಲಿಂಪಿಕ್ ಈಜುಗಾರನ ವೇಗವೇ 2.1 ಮೀಟರ್. ಎದುರು ಈಜಿ ಗೆಲ್ಲುವ ಮಾತೇ ಇಲ್ಲ.

ಸೆಳವು ಯಾರನ್ನೂ ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ ಅಷ್ಟೇ. ಮುಳುಗಿಸುವುದು ದಣಿವು ಮತ್ತು ಗಾಬರಿ. ಸಿಕ್ಕಿಬಿದ್ದರೆ ತೇಲುತ್ತ ಕೈ ಎತ್ತಿ ಕೂಗಿ. ಶಕ್ತಿಯಿದ್ದರೆ ದಡಕ್ಕೆ ಸಮಾಂತರವಾಗಿ ಈಜಿ, ಅಲೆ ಒಡೆಯುವ ಕಡೆಗೆ ಬನ್ನಿ. ಹಲಗೆ ಇದ್ದವರು ಅದನ್ನು ಬಿಡಬಾರದು, ಕಾಲಿನ ಹಗ್ಗ ಇರುವುದು ಅದಕ್ಕೇ. ದಡದಲ್ಲಿರುವ ಮೇಷ್ಟ್ರು ಬರಿಗೈಯಲ್ಲಿ ಹಾರಬೇಡಿ. ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಕ್ಯಾನಿಗೆ ಹಗ್ಗ ಕಟ್ಟಿ ಎಸೆಯಿರಿ. ಪ್ರವಾಸದ ಬಸ್ಸಿನಲ್ಲಿ ಅಂಥ ಎರಡು ಕ್ಯಾನುಗಳನ್ನು ನಾನು ಈಗ ತಪ್ಪದೆ ಇಡಿಸುತ್ತೇನೆ. ಇಳಿದ ಕೂಡಲೇ ಯಾರನ್ನೂ ನೀರಿಗೆ ಬಿಡುವುದಿಲ್ಲ. ಹದಿನೈದು ನಿಮಿಷ ಎಲ್ಲರೂ ಮರಳ ಮೇಲೆ ಕುಳಿತು, ಅಲೆ ಎಲ್ಲಿ ಒಡೆಯುತ್ತದೆ, ಎಲ್ಲಿ ಒಡೆಯುವುದಿಲ್ಲ ಎಂದು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆಯಬೇಕು.