ಆರೋಗ್ಯದ ನೀರು: ಲೀಟರಿಗೆ ಎಷ್ಟು ಪೈಸೆ, ಎಷ್ಟು ಲಾಭ?

ರಾಜ್ಯದ ಬಹಳಷ್ಟು ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಕ್ಕೆ 5 ರೂಪಾಯಿ ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನ್ ತುಂಬುತ್ತದೆ. ಅತ್ತ ನಗರಗಳಲ್ಲಿ ಮನೆಗೇ ಬಂದು ಡೆಮೊ ಕೊಟ್ಟು ಮಾರುವ ‘ಆಲ್ಕಲೈನ್’ (ಕ್ಷಾರೀಯ) ನೀರಿನ ಯಂತ್ರಗಳ ಬೆಲೆ ಲಕ್ಷ ದಾಟುತ್ತದೆ. ಎರಡೂ ಆರೋಗ್ಯದ ಹೆಸರಿನಲ್ಲೇ ಬರುವ ನೀರು. ಲೆಕ್ಕ ಹಾಕಿ ನೋಡಿದರೆ, ನೀರಿನಿಂದ ಕೆಟ್ಟದ್ದನ್ನು ತೆಗೆದಾಗ ಸಿಗುವ ಲಾಭ ದೊಡ್ಡದು, ಖರ್ಚು ಚಿಕ್ಕದು. ನೀರಿಗೆ ಹೊಸ ಗುಣ ತುಂಬುತ್ತೇವೆ ಎಂದಾಗ ಅದು ತಿರುಗುಮುರುಗಾಗುತ್ತದೆ.

ರೋಗಾಣು: ಸಾವಿರ ಲೀಟರಿಗೆ 15 ಪೈಸೆ

ದೇಶದ ಪ್ರತಿ ಮನೆಗೂ ಸುರಕ್ಷಿತ ಕುಡಿಯುವ ನೀರು ಸಿಕ್ಕರೆ ವಾಂತಿ-ಭೇದಿಯಿಂದಾಗುವ ಸುಮಾರು 4 ಲಕ್ಷ ಸಾವು ತಪ್ಪುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಅಂದಾಜಿಸಿತು. ಇಷ್ಟು ದೊಡ್ಡ ಲಾಭಕ್ಕೆ ಬೇಕಾದ ಸಾಮಗ್ರಿ ಅತಿ ಅಗ್ಗ. ತಿಳಿಯಾದ ಬಾವಿ ನೀರಿಗೆ ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಹಾಕಿ ಒಂದು ಗಂಟೆ ಬಿಡಬೇಕೆಂಬುದು ಸಾರ್ವಜನಿಕ ಆರೋಗ್ಯದ ಹಳೆಯ ಲೆಕ್ಕ. ಪುಡಿ ಕೆ.ಜಿ.ಗೆ 60 ರೂಪಾಯಿ ಎಂದು ಹಿಡಿದರೂ ಖರ್ಚು 15 ಪೈಸೆ ಮಾತ್ರ. ಅದೇ ಕೆಲಸಕ್ಕೆ ನೀರು ಕುದಿಸಿದರೆ ಲೀಟರಿಗೆ ಸುಮಾರು 10 ಗ್ರಾಂ ಗ್ಯಾಸ್ ಬೇಕು. 14.2 ಕೆ.ಜಿ. ಸಿಲಿಂಡರಿಗೆ 900 ರೂಪಾಯಿ ಎಂದುಕೊಂಡರೆ ಲೀಟರಿಗೆ 63 ಪೈಸೆ ಆಯಿತು.

ಅಜ್ಜಿ ಕಾಲದ ತಾಮ್ರದ ಬಿಂದಿಗೆಗೂ ಇಲ್ಲಿ ಅಂಕ ಸಿಗುತ್ತದೆ. 2012ರಲ್ಲಿ ಪ್ರಕಟವಾದ, ಬೆಂಗಳೂರಿನ ಸಂಶೋಧಕರೂ ಭಾಗಿಯಾಗಿದ್ದ ಅಧ್ಯಯನವೊಂದರಲ್ಲಿ, ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟ ನೀರಿನಲ್ಲಿ ಕಾಲರಾ, ಭೇದಿ ತರುವ ಬ್ಯಾಕ್ಟೀರಿಯಾ ಪತ್ತೆಯಾಗಲಿಲ್ಲ. ನೀರಿಗೆ ಬಿಟ್ಟ ತಾಮ್ರ ಲೀಟರಿಗೆ 0.18 ಮಿ.ಗ್ರಾಂನಷ್ಟು, ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 2 ಮಿ.ಗ್ರಾಂ.

ಫ್ಲೋರೈಡ್: ಆರ್‌ಒ ಬೇಕಾಗುವ ಜಾಗ

ಬ್ಲೀಚಿಂಗ್ ಪುಡಿಯ ಕ್ಲೋರಿನ್ ಆಗಲಿ ತಾಮ್ರವಾಗಲಿ ಫ್ಲೋರೈಡನ್ನು ಮುಟ್ಟುವುದಿಲ್ಲ. ಕುದಿಸಿದರಂತೂ ನೀರು ಆವಿಯಾದಷ್ಟೂ ಅದು ಗಾಢವಾಗುತ್ತದೆ. ಪಾವಗಡ, ಬಾಗೇಪಲ್ಲಿಯಂಥ ತಾಲ್ಲೂಕುಗಳ ಕೊಳವೆಬಾವಿಗಳ ಗೋಳು ಇದೇ. ಭಾರತೀಯ ಮಾನಕದಲ್ಲಿ ಲೀಟರಿಗೆ 1 ಮಿ.ಗ್ರಾಂ ಒಪ್ಪಿತ, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ ಮಾಫಿ. ಲೀಟರಿಗೆ 3 ಮಿ.ಗ್ರಾಂ ಇರುವ ನೀರನ್ನು ಹೊಲದ ಬಿಸಿಲಲ್ಲಿ ದುಡಿಯುವವರು ದಿನಕ್ಕೆ 3 ಲೀಟರ್ ಕುಡಿದರೆ 9 ಮಿ.ಗ್ರಾಂ ಒಳಗೆ ಹೋಯಿತು. ಆಹಾರವೂ ಸೇರಿ ದಿನಕ್ಕೆ 6 ಮಿ.ಗ್ರಾಂ ದಾಟಿದರೆ ಮೂಳೆಗೆ ಅಪಾಯ ಹೆಚ್ಚುವ ಸೂಚನೆಗಳಿವೆ. ಆರ್‌ಒ (ರಿವರ್ಸ್ ಆಸ್ಮೋಸಿಸ್ ಶೋಧಕ) ಶೇ 90ರಷ್ಟು ತೆಗೆದರೆ 9 ಮಿ.ಗ್ರಾಂ ಜಾಗದಲ್ಲಿ ಉಳಿಯುವುದು 0.9. ಹಳ್ಳಿಯ ಘಟಕದ ನೀರಿಗೆ ಲೀಟರಿಗೆ 25 ಪೈಸೆ ಕೊಟ್ಟದ್ದು ಇಲ್ಲಿ ಸಾರ್ಥಕ.

ಕಾವೇರಿ ನೀರು ಬರುವ ಮನೆಯ ಕಥೆ ಬೇರೆ. ಅದರ ಟಿಡಿಎಸ್ (ಕರಗಿದ ಲವಣಾಂಶ) ಲೀಟರಿಗೆ 500 ಮಿ.ಗ್ರಾಂಗಿಂತ ಕೆಳಗೇ ಇರುತ್ತದೆ. ಅಂಥ ನೀರಿಗೆ ಆರ್‌ಒ ಬೇಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿದೆ. ಒಂದು ಲೀಟರಿಗೆ ಮೂರು ಲೀಟರ್ ಚೆಲ್ಲುವ ಯಂತ್ರವಾದರೆ, ದಿನಕ್ಕೆ 20 ಲೀಟರ್ ಬಳಸುವ ಮನೆಯಿಂದ ವರ್ಷಕ್ಕೆ 21,900 ಲೀಟರ್ ಮೋರಿಗೆ. 6,000 ಲೀಟರಿನ ಮೂರೂವರೆ ಟ್ಯಾಂಕರಿಗೂ ಹೆಚ್ಚು!

ಆರ್‌ಒ ನೀರಿನಲ್ಲಿ ಕ್ಯಾಲ್ಸಿಯಂ ಹೋಗಿಬಿಡುತ್ತದೆ ಎಂಬುದು ನಿಜವೇ. ಲೀಟರಿಗೆ 75 ಮಿ.ಗ್ರಾಂ ಇದ್ದ ನೀರಾದರೆ 3 ಲೀಟರಿಗೆ ನಷ್ಟ 225 ಮಿ.ಗ್ರಾಂ. ಆದರೆ ನೂರು ಗ್ರಾಂ ರಾಗಿಹಿಟ್ಟಿನ ಮುದ್ದೆಯೊಂದೇ ಸುಮಾರು 350 ಮಿ.ಗ್ರಾಂ ಕೊಡುತ್ತದೆ.

ಆಲ್ಕಲೈನ್: 3 ಮಿ.ಲೀ. ಕೆಲಸ

2 ಲಕ್ಷದ ಯಂತ್ರ, 10 ವರ್ಷ ಬಾಳಿಕೆ, ದಿನಕ್ಕೆ 10 ಲೀಟರ್ ಎಂದಿಟ್ಟುಕೊಳ್ಳಿ. ಫಿಲ್ಟರ್, ಕರೆಂಟು ಬಿಟ್ಟು ಲೀಟರಿಗೆ 5 ರೂಪಾಯಿ 48 ಪೈಸೆ. ಪಿಎಚ್ 9.5 ಇರುವ ಒಂದು ಲೀಟರ್ ನೀರಿನಲ್ಲಿ ಕ್ಷಾರದ ಅಯಾನು 0.03 ಮಿಲಿಮೋಲ್. ಪಿಎಚ್ 2ರ ಜಠರರಸದಲ್ಲಿ ಆಮ್ಲ ಲೀಟರಿಗೆ 10 ಮಿಲಿಮೋಲ್. ಪಿಎಚ್ ಲೆಕ್ಕವೊಂದನ್ನೇ ಹಿಡಿದರೆ, ಇಡೀ ಲೀಟರ್ ನೀರು ತಣಿಸುವುದು 3 ಮಿ.ಲೀ. ಜಠರರಸವನ್ನು, ಒಂದು ಟೀ ಚಮಚಕ್ಕೂ ಕಡಿಮೆ. ಪಿಎಚ್ 8.8ರ ನೀರು ಜಠರದ ಪೆಪ್ಸಿನ್ ಕಿಣ್ವವನ್ನು ನಿಷ್ಕ್ರಿಯಗೊಳಿಸಿದ್ದು 2012ರಲ್ಲಿ ವರದಿಯಾಗಿದೆ. ಆದರೆ ಅದು ಪ್ರಯೋಗಾಲಯದ ಫಲಿತಾಂಶ. ಕ್ಯಾನ್ಸರ್ ತಡೆಗೆ ಆಲ್ಕಲೈನ್ ನೀರನ್ನು ಸಮರ್ಥಿಸುವ ಪುರಾವೆ 2016ರ ವ್ಯವಸ್ಥಿತ ಪರಾಮರ್ಶೆಗೆ ಸಿಗಲಿಲ್ಲ.

ಲೀಟರಿಗೆ ಖರ್ಚು (ಅಂದಾಜು)

- ಬ್ಲೀಚಿಂಗ್ ಪುಡಿ: 0.015 ಪೈಸೆ
- ತಾಮ್ರದ ಬಿಂದಿಗೆ (2,000 ರೂ., ದಿನಕ್ಕೆ 5 ಲೀಟರ್, 10 ವರ್ಷ): 11 ಪೈಸೆ
- ಘಟಕದ ಆರ್‌ಒ ನೀರು: 25 ಪೈಸೆ
- ಕುದಿಸಿದ ನೀರು: 63 ಪೈಸೆ
- ಆಲ್ಕಲೈನ್ ಯಂತ್ರ: 548 ಪೈಸೆ

ಯಂತ್ರ ಕೊಳ್ಳುವ ಮೊದಲು ನೀರನ್ನು ಪರೀಕ್ಷೆಗೆ ಕೊಟ್ಟು ಮೂರು ಅಂಕಿ ಬರೆಸಿಕೊಳ್ಳಿ: ಟಿಡಿಎಸ್, ಫ್ಲೋರೈಡ್, ಇ-ಕೋಲಿ. 100 ಮಿ.ಲೀ. ನೀರಿನಲ್ಲಿ ಇ-ಕೋಲಿ ಒಂದೂ ಇರಬಾರದು. ಅದೊಂದೇ ತೊಂದರೆಯಾದರೆ ಕ್ಲೋರಿನ್ ಇಲ್ಲವೇ ಕುದಿಸುವುದು ಸಾಕು. ಫ್ಲೋರೈಡ್ 1.5 ದಾಟಿದ್ದರೆ ಆರ್‌ಒಗೆ ದುಡ್ಡು ಹಾಕಿ. ಮೂರೂ ಮಿತಿಯೊಳಗಿದ್ದರೆ ಆ ದುಡ್ಡು ಹಾಲು, ರಾಗಿ, ತರಕಾರಿಗೆ ಹೋಗಲಿ.