ಮಕ್ಕಳ ಚಿತ್ರಗಳಲ್ಲಿ ಕ್ರೈಸ್ತ ಆಶಯ

ಮನೆಮಂದಿಯೆಲ್ಲ ಕುಳಿತು ನೋಡುವ ಅನಿಮೇಷನ್ ಚಿತ್ರಗಳಲ್ಲಿ ಕ್ರೈಸ್ತ ಆಶಯಗಳನ್ನು ಗುರುತಿಸುವವರಿದ್ದಾರೆ. ಇದು ತಪ್ಪಲ್ಲ. ಆದರೆ ಆಶಯವನ್ನು ಹುಡುಕಬೇಕಾದದ್ದು ಹೊರಗಣ ಹೋಲಿಕೆಯಲ್ಲಿಯೋ, ಕಥೆಯ ನಡೆಯಲ್ಲಿಯೋ?

1940ರ ‘ಪಿನೋಕಿಯೊ’ ಚಿತ್ರದಲ್ಲಿ ಮರದ ಗೊಂಬೆಯು ತಿಮಿಂಗಿಲದ ಹೊಟ್ಟೆಯನ್ನು ಸೇರುತ್ತದೆ. ಬೈಬಲಿನ ಯೋನನೂ ಮೂರು ದಿನ ಮೀನಿನ ಹೊಟ್ಟೆಯಲ್ಲಿದ್ದವನೇ. ಆದರೆ ಯೋನನು ದೇವರ ಆಜ್ಞೆಗೆ ಬೆನ್ನು ತಿರುಗಿಸಿ ಓಡಿದವನು. ಗೊಂಬೆಯು ತನ್ನನ್ನು ಕೆತ್ತಿದ ತಂದೆಯನ್ನು ಅರಸಿ ಹೋದದ್ದು. ನಿಜವಾದ ಸಾಮ್ಯ ಮುಂದಿದೆ: ತಂದೆಯನ್ನು ಉಳಿಸಲು ಗೊಂಬೆ ಪ್ರಾಣ ತೆತ್ತು, ಬಳಿಕ ಜೀವಂತ ಬಾಲಕನಾಗಿ ಕಣ್ತೆರೆಯುತ್ತದೆ.

ಇಂಗ್ಲಿಷ್ ಕವಿ ಟೆಡ್ ಹ್ಯೂಸ್ 1968ರಲ್ಲಿ ‘ದಿ ಐರನ್ ಮ್ಯಾನ್’ ಎಂಬ ಮಕ್ಕಳ ಕಥೆಯನ್ನು ಪ್ರಕಟಿಸಿದರು. ಅದರ ಆರಂಭದಲ್ಲಿಯೇ ಕಬ್ಬಿಣದ ಮನುಷ್ಯನು ಕಡಿಬಂಡೆಯಿಂದ ಬಿದ್ದು ಚೂರಾಗಿ, ಮತ್ತೆ ತನ್ನನ್ನು ತಾನೇ ಜೋಡಿಸಿಕೊಳ್ಳುತ್ತಾನೆ. ಅಲ್ಲಿ ಅದು ಬರಿಯ ಬೆರಗು. ಇದನ್ನು ಆಧರಿಸಿದ 1999ರ ‘ದಿ ಐರನ್ ಜೈಂಟ್’ ಚಿತ್ರದಲ್ಲಿಯಾದರೋ ಅವನು ಊರನ್ನು ಉಳಿಸಲು ಅಣ್ವಸ್ತ್ರಕ್ಕೆ ಎದುರಾಗಿ ಹಾರಿ ಚೂರಾಗುತ್ತಾನೆ; ಚೂರುಗಳು ಒಂದುಗೂಡತೊಡಗುವುದು ಕೊನೆಯಲ್ಲಿ. ಘಟನೆ ಅದೇ, ತ್ಯಾಗದ ಬಳಿಕ ಬಂದುದರಿಂದ ಅದು ಪುನರುತ್ಥಾನದ ನೆನಪು ತರುತ್ತದೆ.

ನಮ್ಮ ಗೋವಿನ ಹಾಡಿನ ಪುಣ್ಯಕೋಟಿಯ ಕಥೆಯೂ 2020ರಲ್ಲಿ ಸಂಸ್ಕೃತದ ಅನಿಮೇಷನ್ ಚಿತ್ರವಾಯಿತು. ಹಾಡಿನಲ್ಲಿ ಹಸುವು ಕೊಟ್ಟ ಮಾತಿಗಾಗಿ ಸಾಯಲು ಸಿದ್ಧವಾಗಿ ಬರುತ್ತದೆ. ಸಾಯುವುದು ಹಸುವಲ್ಲ, ಪಶ್ಚಾತ್ತಾಪಗೊಂಡ ಹುಲಿ. ಇದನ್ನು ಶಿಲುಬೆಯ ಕಥೆ ಎಂದರೆ ಹಾಡಿನ ಉಸಿರಾದ ಸತ್ಯವಾಕ್ಯವೇ ಮರೆಯಾದೀತು. ನಮ್ಮ ಮೈಸೂರಿನ ಅಶೋಕಪುರಂನಲ್ಲಿ ಅಂಬೇಡ್ಕರರ ಹಾದಿಯಲ್ಲಿ ಬುದ್ಧನನ್ನು ನೆನೆಯುವ ಮನೆಗಳು ಹಲವು. ಅಲ್ಲಿ ಈ ಕಥೆಯನ್ನು ಕೇಳಿದ ಮಗುವಿಗೆ ಜಾತಕ ಕಥೆಗಳ ಕರುಣೆ ನೆನಪಾದರೆ ಅದೂ ಸಹಜವೇ.

ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು ‘ಗೊಲ್ಗೊಥಾ’ದಲ್ಲಿಯೂ ಬುದ್ಧನ ಕೊನೆಯ ದಿನವನ್ನು ‘ವೈಶಾಖಿ’ಯಲ್ಲಿಯೂ ಹಾಡಿದರು. ಒಂದನ್ನು ಇನ್ನೊಂದರಲ್ಲಿ ಕರಗಿಸಲಿಲ್ಲ. ಎರಡಕ್ಕೂ ಅದರದರ ಮರ್ಯಾದೆ ಸಲ್ಲಿಸಿದರು. ನಾವು ಮಕ್ಕಳ ಚಿತ್ರಗಳನ್ನು ನೋಡುವಾಗಲೂ ಈ ವಿವೇಕ ಬೇಕು. ಕ್ರೈಸ್ತ ಆಶಯವಿರುವಲ್ಲಿ ಹಾಗೆಂದು ಹೇಳಲು ಸಂಕೋಚ ಬೇಡ. ಇಲ್ಲದಲ್ಲಿ ಹೊರಿಸುವುದೂ ಬೇಡ. ಯಾರು, ಯಾರಿಗಾಗಿ, ಏನನ್ನು ಬಿಟ್ಟುಕೊಟ್ಟರು ಎಂದು ಮಗುವನ್ನೇ ಕೇಳೋಣ. ಅದು ಯಾವ ಮತದ ಕಥೆಯೆಂಬ ಮಾತು ಆಮೇಲೆ ಬರಲಿ.