ಈಜುಕೊಳದ ನೀರು ಹಸಿರಾಯಿತೇ? ಖಾಲಿ ಮಾಡುವ ಮುನ್ನ ಇದನ್ನು ಓದಿ

2016ರ ಆಗಸ್ಟ್‌ನಲ್ಲಿ ರಿಯೋ ಒಲಿಂಪಿಕ್ಸ್ ನೋಡುತ್ತಿದ್ದವರಿಗೆ ಒಂದು ವಿಚಿತ್ರ ಕಾಣಿಸಿತು. ಹಿಂದಿನ ದಿನ ನೀಲಿಯಾಗಿದ್ದ ಡೈವಿಂಗ್ ಕೊಳ ಹಸಿರಾಗಿತ್ತು. ಕೊನೆಗೆ ಸಂಘಟಕರು ಕೊಟ್ಟ ಕಾರಣ ಹೀಗಿತ್ತು: ಕೆಲವು ದಿನಗಳ ಹಿಂದೆ ಕೊಳಗಳಿಗೆ ತಪ್ಪಾಗಿ 80 ಲೀಟರ್ ಹೈಡ್ರೋಜನ್ ಪೆರಾಕ್ಸೈಡ್ ಸುರಿಯಲಾಗಿತ್ತು. ಅದು ನೀರಿನಲ್ಲಿದ್ದ ಕ್ಲೋರಿನ್ನಿನ ಶಕ್ತಿಯನ್ನೇ ಕುಂದಿಸಿತ್ತು. ಒಲಿಂಪಿಕ್ಸ್ ಕೊಳಕ್ಕೇ ಹೀಗಾಗುವುದಾದರೆ ತೋಟದ ಮನೆಯ ಅಥವಾ ಅಪಾರ್ಟ್‌ಮೆಂಟಿನ ಕೊಳ ಹಸಿರಾಗುವುದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಅದನ್ನು ಸರಿಪಡಿಸುವ ಬಗ್ಗೆ ನಮ್ಮಲ್ಲಿ ತಪ್ಪು ತಿಳಿವಳಿಕೆಗಳು ಸಾಕಷ್ಟಿವೆ.

ನೀರು ಹಸಿರಾಗುವುದೇಕೆ?

ಹೆಚ್ಚಿನ ಸಲ ಕಾರಣ ಪಾಚಿ. ಗಾಳಿ, ಮಳೆ ಮತ್ತು ಧೂಳಿನ ಜೊತೆ ಪಾಚಿಯ ಸೂಕ್ಷ್ಮ ಕಣಗಳು ಕೊಳಕ್ಕೆ ಬೀಳುತ್ತಲೇ ಇರುತ್ತವೆ. ನೀರಿನಲ್ಲಿ ಸಾಕಷ್ಟು ಕ್ಲೋರಿನ್ ಇದ್ದರೆ ಅವು ಬೆಳೆಯುವ ಮೊದಲೇ ಸಾಯುತ್ತವೆ. ಕ್ಲೋರಿನ್ ಕಡಿಮೆಯಾಗಿ ಬಿಸಿಲು ಹೆಚ್ಚಾದರೆ ಒಂದೆರಡು ದಿನದಲ್ಲೇ ನೀರು ಹಸಿರಾಗುತ್ತದೆ.

ಇನ್ನೊಂದು ಕಾರಣವೂ ಉಂಟು. ಅದು ತಾಮ್ರ. ಇವೆರಡನ್ನು ಬೇರೆ ಮಾಡಿ ನೋಡುವುದು ಸುಲಭ. ಒಂದು ಬಿಳಿ ಬಕೆಟ್ಟಿನಲ್ಲಿ ಕೊಳದ ನೀರು ತುಂಬಿಸಿ ನೋಡಿ. ನೀರು ಮಬ್ಬಾಗಿದ್ದು, ಕೊಳದ ಗೋಡೆ ಮುಟ್ಟಿದರೆ ಜಾರುತ್ತಿದ್ದರೆ ಅದು ಪಾಚಿ. ನೀರು ಗಾಜಿನಂತೆ ತಿಳಿಯಾಗಿದ್ದೂ ಹಸಿರು ಛಾಯೆ ಇದ್ದರೆ ತಾಮ್ರದ ಮೇಲೆ ಅನುಮಾನಪಡಬೇಕು. ತಾಮ್ರದ ಸಮಸ್ಯೆಗೆ ಕ್ಲೋರಿನ್ ಸುರಿದರೆ ಬಣ್ಣ ಹೋಗುವುದಿಲ್ಲ, ಇನ್ನೂ ಗಾಢವಾಗಬಹುದು.

ನಂಬಿಕೆ 1: ಮೈಲುತುತ್ತ ಹಾಕಿದರೆ ಸಾಕು

ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್. ಅದು ಪಾಚಿಯನ್ನು ಕೊಲ್ಲುವುದು ನಿಜ. ಆದರೆ ಕ್ಲೋರಿನ್ ಹಾಗೆ ಬಿಸಿಲಿಗೆ ಕರಗಿಹೋಗದು. ಪ್ರತಿ ಸಲ ಹಾಕಿದ ತಾಮ್ರ ನೀರಿನಲ್ಲೇ ಉಳಿದು ಸೇರುತ್ತಾ ಹೋಗುತ್ತದೆ, ಗೋಡೆಯ ಮೇಲೆ ಕಲೆ ಮಾಡುತ್ತದೆ. ಈಜುವವರ ತಿಳಿಬಣ್ಣದ ಅಥವಾ ನರೆತ ಕೂದಲು ಹಸಿರಾಗುವುದಕ್ಕೂ ಕ್ಲೋರಿನ್ನಲ್ಲ, ತಾಮ್ರವೇ ಕಾರಣ.

ನಂಬಿಕೆ 2: ಆಲಂ ಹಾಕಿದರೆ ನೀರು ಶುದ್ಧ

ಆಲಂ ನೀರಿನಲ್ಲಿ ತೇಲುವ ಕಣಗಳನ್ನು ಒಟ್ಟುಗೂಡಿಸಿ ತಳಕ್ಕೆ ಇಳಿಸುತ್ತದೆ, ಅಷ್ಟೇ. ಕ್ಲೋರಿನ್ ಇಲ್ಲದಿದ್ದರೆ ಪಾಚಿ ಮತ್ತೆ ಬೆಳೆಯುತ್ತದೆ. ನೀರು ತಿಳಿಯಾಗಿ ಕಂಡರೂ ರೋಗಾಣುಗಳು ಸತ್ತಿರುವುದಿಲ್ಲ.

ನಂಬಿಕೆ 3: ಕ್ಲೋರಿನ್ ವಾಸನೆ ಬರುತ್ತಿದೆ, ಹಾಗಾಗಿ ಕ್ಲೋರಿನ್ ಜಾಸ್ತಿಯಾಗಿದೆ

ವಾಸ್ತವ ಬಹುತೇಕ ಇದಕ್ಕೆ ವಿರುದ್ಧ. ಮೂಗಿಗೆ ಹೊಡೆಯುವ ಆ ವಾಸನೆ ಕ್ಲೋರಮೈನ್‌ಗಳದ್ದು. ಬೆವರು ಮತ್ತು ಮೂತ್ರದೊಂದಿಗೆ ಕ್ಲೋರಿನ್ ಸೇರಿದಾಗ ಅವು ಉಂಟಾಗುತ್ತವೆ. ಕೆಲಸ ಮಾಡುವ ಮುಕ್ತ ಕ್ಲೋರಿನ್ ಕಡಿಮೆಯಾಗಿದೆ ಎಂಬುದಕ್ಕೆ ಅದು ಸೂಚನೆ.

ಸರಿಯಾದ ಕ್ರಮ ಯಾವುದು?

ಮೊದಲು ಎಲೆ, ಕಸ ತೆಗೆಯಿರಿ. ನಂತರ ಟೆಸ್ಟ್ ಕಿಟ್‌ನಿಂದ ಪಿಎಚ್ ನೋಡಿ. ಇದನ್ನೇ ಹೆಚ್ಚಿನವರು ಮರೆಯುವುದು. ಪಿಎಚ್ 7.5 ಇದ್ದಾಗ ಕ್ಲೋರಿನ್ನಿನ ಸುಮಾರು ಅರ್ಧದಷ್ಟು ಭಾಗ ಪರಿಣಾಮಕಾರಿ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಅದು ಕಾಲುಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಪಿಎಚ್ಚನ್ನು 7.2ರ ಆಸುಪಾಸಿಗೆ ತಂದುಕೊಂಡು ಮುಂದುವರಿಯಬೇಕು.

ಆಮೇಲೆ ಗೋಡೆ, ಮೆಟ್ಟಿಲು, ಮೂಲೆಗಳನ್ನು ಬ್ರಷ್‌ನಿಂದ ಚೆನ್ನಾಗಿ ಉಜ್ಜಿ. ಸಂಜೆ, ಸೂರ್ಯ ಮುಳುಗಿದ ಮೇಲೆ, ಒಂದೇ ಸಲಕ್ಕೆ ದೊಡ್ಡ ಪ್ರಮಾಣದಲ್ಲಿ ಕ್ಲೋರಿನ್ ಹಾಕಿ. ಹಗಲಿನಲ್ಲಿ ಹಾಕಿದರೆ ಬಿಸಿಲೇ ಅದನ್ನು ತಿಂದುಬಿಡುತ್ತದೆ.

ಎಷ್ಟು ಹಾಕಬೇಕು? ಲೆಕ್ಕ ಮಾಡೋಣ. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಕೊಳದಲ್ಲಿ 48,000 ಲೀಟರ್ ನೀರಿರುತ್ತದೆ. ಲೀಟರಿಗೆ 10 ಮಿಲಿಗ್ರಾಂ, ಅಂದರೆ 10 ಪಿಪಿಎಂ ಮಟ್ಟಕ್ಕೆ ತರಲು 480 ಗ್ರಾಂ ಕ್ಲೋರಿನ್ ಬೇಕು. ಶೇ 10ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವಾದರೆ ಸುಮಾರು 5 ಲೀಟರ್. ಶೇ 65ರ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಆದರೆ ಮುಕ್ಕಾಲು ಕಿಲೋ.

ಪಂಪನ್ನು ಹಗಲೂ ರಾತ್ರಿ ಓಡಿಸಿ, ಫಿಲ್ಟರನ್ನು ಆಗಾಗ ಬ್ಯಾಕ್‌ವಾಶ್ ಮಾಡಿ. ಹಸಿರು ಹೋಗಿ ನೀರು ಬೂದು ಅಥವಾ ಹಾಲಿನಂತೆ ಮಬ್ಬಾದರೆ ಗಾಬರಿ ಬೇಡ. ಅದು ಸತ್ತ ಪಾಚಿ. ಕ್ಲೋರಿನ್ ಮಟ್ಟ ಇಳಿದಂತೆಲ್ಲ ಮತ್ತೆ ಸೇರಿಸುತ್ತಾ ಹೋಗಿ. ರಾತ್ರಿ ಅಳೆದ ಕ್ಲೋರಿನ್ ಬೆಳಗಿನ ಜಾವ ಅಳೆದಾಗ 1 ಪಿಪಿಎಂಗಿಂತ ಹೆಚ್ಚು ಇಳಿಯದೆ, ತಳವೂ ಸ್ಪಷ್ಟವಾಗಿ ಕಂಡರೆ ಕೆಲಸ ಮುಗಿದಂತೆ.

ಇಷ್ಟಾದರೂ ಬಗ್ಗದಿದ್ದರೆ? ಸಯನೂರಿಕ್ ಆಮ್ಲವನ್ನು ಪರೀಕ್ಷಿಸಿ. ಟಿಸಿಸಿಎ ಮಾತ್ರೆಗಳಲ್ಲಿ ಇದು ಇರುತ್ತದೆ. ಸ್ವಲ್ಪ ಇದ್ದರೆ ಕ್ಲೋರಿನ್ನನ್ನು ಬಿಸಿಲಿನಿಂದ ಕಾಪಾಡುತ್ತದೆ, ಹೆಚ್ಚಾದರೆ ಅದನ್ನು ಕಟ್ಟಿಹಾಕುತ್ತದೆ. ಆಗ 10 ಪಿಪಿಎಂ ಸಾಲದು. ಅದು 100 ಪಿಪಿಎಂ ದಾಟಿದ್ದರೆ ಮಾತ್ರ ಒಂದಷ್ಟು ನೀರು ಬದಲಿಸುವುದು ಅನಿವಾರ್ಯ. ಉಳಿದಂತೆ ಕೊಳ ಖಾಲಿ ಮಾಡಬೇಕಾದ್ದಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿತ್ತು ಎಂಬುದನ್ನು ನಾವು ಮರೆಯಬಾರದು.

ಇವು ಮಾತ್ರ ಬೇಡವೇ ಬೇಡ

ಕ್ಲೋರಿನ್ ಉತ್ಪನ್ನ ಮತ್ತು ಆಸಿಡ್ಡನ್ನು ಎಂದೂ ಬೆರೆಸಬೇಡಿ. ಹೊರಡುವ ಅನಿಲ ಶ್ವಾಸಕೋಶವನ್ನೇ ಸುಡುತ್ತದೆ. ಬೇರೆ ಬೇರೆ ಬಗೆಯ ಕ್ಲೋರಿನ್ ಪುಡಿ, ಮಾತ್ರೆಗಳನ್ನು ಒಂದೇ ಡಬ್ಬಿಯಲ್ಲಿ ಸೇರಿಸಬೇಡಿ, ಬೆಂಕಿ ಹೊತ್ತಿಕೊಳ್ಳಬಹುದು. ಯಾವಾಗಲೂ ನೀರಿಗೆ ರಾಸಾಯನಿಕ ಹಾಕಬೇಕೇ ಹೊರತು ರಾಸಾಯನಿಕಕ್ಕೆ ನೀರು ಹಾಕಬಾರದು.

ಎಲ್ಲಕ್ಕಿಂತ ಮುಖ್ಯವಾದದ್ದು, ಹಸಿರು ನೀರಿಗೆ ಯಾರನ್ನೂ ಇಳಿಸಬೇಡಿ. ಕ್ಲೋರಿನ್ ಇಲ್ಲದ ಬೆಚ್ಚಗಿನ ಸಿಹಿನೀರು ಮೂಗಿನೊಳಗೆ ಹೋದರೆ ಮಿದುಳು ತಿನ್ನುವ ಅಮೀಬಾದ ಸೋಂಕು ತಗಲುವ ಸಾಧ್ಯತೆ ಇದೆ. ಇದು ಬಹಳ ಅಪರೂಪ, ಆದರೆ ಮಾರಕ. ನೆರೆಯ ಕೇರಳದಲ್ಲಿ 2024ರಲ್ಲಿ ಇದಕ್ಕೆ ಮಕ್ಕಳು ಬಲಿಯಾಗಿದ್ದಾರೆ. ಅದಕ್ಕಿಂತ ಸಾಮಾನ್ಯವಾದ ಅಪಾಯ ಇನ್ನೂ ಸರಳವಾದದ್ದು. ತಳ ಕಾಣದ ನೀರಿನಲ್ಲಿ ಮಗುವೊಂದು ಮುಳುಗಿದರೆ ದಡದಲ್ಲಿ ನಿಂತವರಿಗೂ ಕಾಣುವುದಿಲ್ಲ. ಆದ್ದರಿಂದ ತಳ ಕಾಣಿಸುವವರೆಗೆ, ಕ್ಲೋರಿನ್ 1ರಿಂದ 3 ಪಿಪಿಎಂಗೆ ಮರಳುವವರೆಗೆ, ಕೊಳದ ಗೇಟಿಗೆ ಬೀಗ ಇರಲಿ.